ವೃತ್ತದಿಂದಾಚೆ ನಡೆದ ನಕ್ಷತ್ರ

"ನಿಮ್ಮ ಕೆಂಪು ನಕ್ಷತ್ರ ಪಾಪ ಏನೂ ಮಾಡಿಲ್ಲ ಮೇಡಂ. ಅದಕ್ಕೂ ಈ ಎಕ್ಸ್-ರೇಗೂ ಸಂಬಂಧಾನೇ ಇಲ್ಲ."

ಮೀಟಿಂಗಿನಲ್ಲಿ ಎಲ್ಲರೆದುರು ಅವನು ಹೀಗೆಂದಾಗ ನನಗೆ ಮೈಯೆಲ್ಲ ಉರಿಯಿತು. ಹೇಳಿದ್ದು ನಿಜವಾಗಿತ್ತು, ಅದಕ್ಕೇ ಇನ್ನಷ್ಟು ಉರಿಯಿತು.

ನನ್ನ ಕಸುಬು ಏನೆಂದು ಹೇಳಿಬಿಡುತ್ತೇನೆ. ಆಕಾಶದಲ್ಲಿ ಎಲ್ಲಿಂದಲೋ ಎಕ್ಸ್-ರೇ ಬರುತ್ತದೆ, ಯಾರು ಕಳಿಸುತ್ತಿದ್ದಾರೆಂದು ಗೊತ್ತಿರುವುದಿಲ್ಲ. ಎಕ್ಸ್-ರೇ ದೂರದರ್ಶಕ ಕೊಡುವುದು ಒಂದು ಪುಟ್ಟ ವೃತ್ತ ಮಾತ್ರ, 'ಇದರೊಳಗೆ ಎಲ್ಲೋ ಇದೆ, ಹುಡುಕಿಕೋ' ಎಂದ ಹಾಗೆ. ಆಮೇಲೆ ಅದೇ ಜಾಗವನ್ನು ಕಣ್ಣಿಗೆ ಕಾಣುವ ಬೆಳಕಿನಲ್ಲಿ, ಇನ್‌ಫ್ರಾರೆಡ್‌ನಲ್ಲಿ, ರೇಡಿಯೋ ಅಲೆಗಳಲ್ಲಿ ನೋಡಿ, ಚಿತ್ರಗಳನ್ನೆಲ್ಲ ಒಂದರ ಮೇಲೊಂದಿಟ್ಟು ಕಳ್ಳನನ್ನು ಹಿಡಿಯಬೇಕು. ನನ್ನ ಪಟ್ಟಿಯಲ್ಲಿ ಹದಿನೇಳಿದ್ದವು. ಹದಿನಾರು ಸಿಕ್ಕಿಬಿದ್ದಿದ್ದವು. ಹದಿನೇಳನೆಯದು ಮೂರು ವರ್ಷದಿಂದ ನನ್ನ ತಲೆ ತಿನ್ನುತ್ತಿತ್ತು. ವೃತ್ತದೊಳಗೆ ಐದು ನಕ್ಷತ್ರಗಳು. ಎಲ್ಲಕ್ಕಿಂತ ಪ್ರಕಾಶಮಾನವಾದ ಕೆಂಪಿನದರ ಮೇಲೆ ನಾನು ಬೆರಳಿಟ್ಟಿದ್ದೆ.

ಮೀಟಿಂಗಿನಲ್ಲಿ ಹಾಗೆಂದನಲ್ಲ, ಕಣ್ಣಿಗೆ ಕಾಣುವ ಬೆಳಕು ಅವನ ಪಾಲು. ಅದಕ್ಕೇ ಆಫೀಸಿನಲ್ಲೆಲ್ಲ ಅವನು 'ಬೆಳಕಪ್ಪ'. ಯೋಚನೆಗೆ ಬಿದ್ದರೆ ಕನ್ನಡಕವನ್ನು ಹಣೆಗೆ ಏರಿಸುತ್ತಾನೆ, ಆಮೇಲೆ ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಾನೆ. ಅವನನ್ನು ಹಾಗೆ ನೋಡುವುದು ನನಗೆ ಇಷ್ಟ. ಇಷ್ಟ ಎಂದರೆ ಬರೀ ಇಷ್ಟವಲ್ಲ.

ಒಂದು ವರ್ಷದ ಹಿಂದೆ ನಾನೇ ಧೈರ್ಯ ಮಾಡಿ ಕೇಳಿದ್ದೆ. "ಕಾಫಿ ಕುಡಿಯೋಣ್ವಾ?"

ಅವನು ಫೋನ್ ನೋಡುತ್ತ, "ಇವತ್ತು ಬೇಡ" ಎಂದವನೇ ಬ್ಯಾಗ್ ಎತ್ತಿಕೊಂಡು ಹೊರಟುಹೋದ. ವಾರ ಬಿಟ್ಟು ಅವನ ಕೋಣೆಯಲ್ಲಿ ಇಣುಕಿದರೆ ಮೇಜಿನ ಮೇಲೆ ಎರಡು ಕಪ್. ಒಂದು ಅವನ ಹಳೆಯ ಬಿಳಿಯದು, ಇನ್ನೊಂದು ಹೊಚ್ಚ ಹೊಸ ನೀಲಿಯದು. ಎದುರಿನ ಕುರ್ಚಿಯಲ್ಲಿ ರೇಡಿಯೋ ವಿಭಾಗದ ಮೇಡಂ. ಅವರು ನಕ್ಕರೆ ಇಡೀ ಕಾರಿಡಾರ್ ತಿರುಗಿ ನೋಡುತ್ತದೆ. ನಾನು ಬಾಗಿಲಿನಿಂದಲೇ ಹಿಂದಿರುಗಿದೆ. ಅಂದಿನಿಂದ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ.

ಈಗ ಬೇರೊಂದು ದೇಶದ ವೀಕ್ಷಣಾಲಯದಿಂದ ನನಗೆ ಕರೆ ಬಂದಿತ್ತು. ಹದಿನೆಂಟು ತಿಂಗಳ ಕೆಲಸ. ಶುಕ್ರವಾರ ಸಂಜೆ ಐದರೊಳಗೆ ಉತ್ತರ ಕೊಡಬೇಕು.

ನಾನಿರುವುದು ಸೋದರತ್ತೆಯ ಮನೆಯಲ್ಲಿ. ಎಕ್ಸ್-ರೇ ಎಂದ ಮೇಲೆ ಆಸ್ಪತ್ರೆಯೇ ಇರಬೇಕೆಂದು ಅತ್ತೆಗೆ ಇವತ್ತಿಗೂ ಅನುಮಾನ. ಗುರುವಾರ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೇಳಿದರು, "ಅಷ್ಟು ದೂರದ್ದನ್ನೆಲ್ಲ ನೋಡ್ತೀಯ, ಇಲ್ಲೇ ಇರೋ ಈ ಮಂಡಿ ಒಳಗೇನಿದೆ ಅಂತ ನೋಡೋಕಾಗಲ್ವಾ?"

"ಆಗಲ್ಲ ಅತ್ತೆ."

"ಹೋಗ್ಲಿ ಬಿಡು. ಆ ದೇಶಕ್ಕೆ ಹೋಗೋದು ಕೆಲಸಕ್ಕೋ, ತಪ್ಪಿಸ್ಕೊಳ್ಳೋಕೋ?"

ಅತ್ತೆಗೆ ಮಂಡಿ ನೋವಿರಬಹುದು, ಕಣ್ಣು ಮಾತ್ರ ಚುರುಕು. ಕೆಲಸ ಒಳ್ಳೆಯದೇ. ಆದರೆ ಆ ನೀಲಿ ಕಪ್ ದಿನಾ ಕಣ್ಣಿಗೆ ಬೀಳುವುದು ತಪ್ಪುತ್ತದೆ ಎನ್ನುವುದೂ ನನ್ನ ಮನಸ್ಸಿನಲ್ಲಿತ್ತು.

ಶುಕ್ರವಾರ ಮಧ್ಯಾಹ್ನ, ಹೋಗುವುದಾದರೆ ಇರಲಿ ಎಂದು ಆಫೀಸಿನ ಬೀರು ಖಾಲಿ ಮಾಡುತ್ತಿದ್ದೆ. ತಳದ ಫೈಲಿನಲ್ಲಿ ಹದಿನೇಳನೆಯ ಜಾಗದ ಹಳೆಯ ಫೋಟೋ ಸಿಕ್ಕಿತು. ಸುಮ್ಮನೆ ವೃತ್ತವನ್ನು ಅದರ ಮೇಲಿಟ್ಟು ನೋಡಿದೆ. ಒಳಗೆ ಆರು ಚುಕ್ಕೆಗಳಿದ್ದವು! ಬೆಳಕಪ್ಪ ತೆಗೆದ ಹೊಸ ಚಿತ್ರದಲ್ಲಿ ಐದೇ.

ಮೂಲೆಯ ಚೀಟಿ ಓದಿದೆ. ಪ್ರತಿ ಚಿತ್ರಕ್ಕೂ ತಾರೀಖು ಬರೆದಿಡುವುದು ನಮ್ಮಲ್ಲಿ ಕಟ್ಟುನಿಟ್ಟು. ಓದುವುದು ಮಾತ್ರ ಅಷ್ಟಕ್ಕಷ್ಟೆ. ಎಕ್ಸ್-ರೇ ಸಿಕ್ಕಿದ್ದು ಇಪ್ಪತ್ಮೂರು ವರ್ಷದ ಹಿಂದೆ, ಈ ಫೋಟೋ ಕೂಡ ಆಗಿನದೇ. ಅವನ ಚಿತ್ರ ಹೋದ ತಿಂಗಳಿನದು. ಅವತ್ತಿನ ವೃತ್ತದೊಳಗೆ ನಾವಿಬ್ಬರೂ ಇವತ್ತಿನ ನಕ್ಷತ್ರವನ್ನು ಹುಡುಕುತ್ತಿದ್ದೆವು.

ಕಾರಿಡಾರಿನಲ್ಲಿ ಓಡಿದೆ. ಅವನು ಫೋಟೋ ನೋಡಿದ. ಕನ್ನಡಕ ಹಣೆಗೆ ಏರಿತು.

"ಈ ಆರನೇದು ಎಲ್ಲಿಗೆ ಹೋಯ್ತು?"

"ನಡ್ಕೊಂಡು ಹೋಗಿದೆ."

ಅವನು ಸರಸರನೆ ಇನ್‌ಫ್ರಾರೆಡ್ ಚಿತ್ರ ತೆರೆದ. ವೃತ್ತದ ಗೆರೆಯಾಚೆ ಸ್ವಲ್ಪ ದೂರದಲ್ಲಿ ಅದು ಚೆನ್ನಾಗಿ ಬೆಳಗುತ್ತಿತ್ತು. ಅವನ ಬೆಳಕಿನಲ್ಲಿ ತೀರಾ ಮಂಕಾಗಿತ್ತು, ಗೆರೆಯ ಹೊರಗಿನದೆಂದು ಇಬ್ಬರೂ ಕಡೆಗಣಿಸಿದ್ದೆವು. ರೇಡಿಯೋ ಪಟ್ಟಿಯಲ್ಲೂ ಅದೇ ಜಾಗದಲ್ಲಿ ಒಂದು ಗುರುತಿತ್ತು.

"ಚಿಕ್ಕ ನಕ್ಷತ್ರ, ನಮಗೆ ಹತ್ತಿರದ್ದು, ಅದಕ್ಕೇ ಇಷ್ಟು ಬೇಗ ಜಾಗ ಬದಲಾಯಿಸಿದೆ" ಎಂದ. ಓರೆಗಣ್ಣಿನಲ್ಲಿ ನನ್ನನ್ನು ನೋಡಿ, "ಇದ್ದಕ್ಕಿದ್ದ ಹಾಗೆ ಸಿಡುಕಿ ಎಕ್ಸ್-ರೇ ಕಾರುತ್ತೆ. ಇಂಥವರು ನನಗೆ ಇನ್ನೊಬ್ಬರು ಗೊತ್ತು."

ನಗು ತಡೆಯಲಾಗಲಿಲ್ಲ. ಅವನು ಫ್ಲಾಸ್ಕ್ ಎಳೆದುಕೊಂಡು ನೀಲಿ ಕಪ್‌ಗೆ ಕೈ ಹಾಕಿದ.

"ಅದು ರೇಡಿಯೋ ಮೇಡಂದಲ್ವಾ?" ಎಂದುಬಿಟ್ಟೆ.

"ಅವರು ಕಾಫಿ ಮುಟ್ಟಲ್ಲ. ಗಂಡ ತುಂಬಿಸಿಕೊಟ್ಟ ಬಿಸಿನೀರು ತರ್ತಾರೆ." ಅವನು ಖಾಲಿ ಕಪ್ ನನ್ನ ಕೈಗಿಟ್ಟ. "ತಳ ನೋಡಿ."

ಮಗುಚಿದೆ. ಚಿತ್ರಗಳ ಚೀಟಿಯಲ್ಲಿ ಅವನು ಬರೆಯುವ ಅದೇ ಅಕ್ಷರದಲ್ಲಿ, ಅಳಿಸದ ಇಂಕಿನಲ್ಲಿ, ಒಂದು ತಾರೀಖು. ನಾನು ಕಾಫಿಗೆ ಕರೆದ ಮರುದಿನದ್ದು.

"ಅವತ್ತು ಅಪ್ಪನಿಗೆ ಎದೆನೋವು ಅಂತ ಫೋನ್ ಬಂದಿತ್ತು. ಮಾರನೇ ದಿನ ಅವರು ಕಣ್ಣು ಬಿಟ್ಟರು. ಆಮೇಲೆ ಮೊದಲು ನೆನಪಾದದ್ದು ನೀವು ಕೇಳಿದ ಕಾಫಿ. ಆಸ್ಪತ್ರೆ ಎದುರಿನ ಅಂಗಡೀಲಿ ತಗೊಂಡೆ."

"ವರ್ಷ ಪೂರ್ತಿ ಯಾಕೆ ಬಾಯಿ ಬಿಡಲಿಲ್ಲ?"

"ನೀವು ಬಾಗಿಲಿಂದಲೇ ವಾಪಸ್ ಹೋಗ್ತಿದ್ರಿ. ನಾನು ಬೇಡ ಅಂದದ್ದಕ್ಕೆ ಸಿಟ್ಟು ಅಂದ್ಕೊಂಡೆ."

"ಸಿಟ್ಟೇ. ಪಕ್ಕದಲ್ಲಿ ಹೊಳೀತಿರೋದೇ ಜೋಡಿ ಅಂತ ನಂಬಿಬಿಟ್ಟೆ." ಕಪ್ ನೆಟ್ಟಗೆ ಮೇಜಿನ ಮೇಲಿಟ್ಟೆ. "ಮೂರು ವರ್ಷದ ಕೆಲಸದಲ್ಲಿ ಮಾಡಿದ ತಪ್ಪನ್ನೇ ಇಲ್ಲೂ ಮಾಡಿದೀನಿ."

ಗಡಿಯಾರದಲ್ಲಿ ನಾಲ್ಕೂ ನಲವತ್ತು. ಐದರೊಳಗೆ ನಾನು ಕೊಡಬೇಕಾದ ಉತ್ತರದ ವಿಷಯ ಅವನಿಗೂ ಗೊತ್ತಿತ್ತು.

"ಹೋಗ್ಬೇಡ ಅಂತ ಹೇಳ್ಲಾ?" ಎಂದ, ಮೆಲ್ಲಗೆ.

"ಹೇಳಿದ್ರೆ ಇದ್ದುಬಿಡ್ತೀನಿ. ಆದ್ರೆ ಆ ಕೆಲಸ ನಂಗೆ ನಿಜವಾಗಲೂ ಬೇಕು."

ಅವನು ನೀಲಿ ಕಪ್‌ಗೆ ಕಾಫಿ ಬಗ್ಗಿಸಿದ. ಆಮೇಲೆ ಕಂಪ್ಯೂಟರ್ ನನ್ನ ಕಡೆ ತಿರುಗಿಸಿದ. "ಹಾಗಾದ್ರೆ ಬರಿ. ನೀನಂದ್ರೆ ನಂಗೆ ತುಂಬಾ ಇಷ್ಟ. ಅದು ಹದಿನೆಂಟು ತಿಂಗಳಿಗೆ ಮುಗಿಯೋದಲ್ಲ."

ಬರುತ್ತೇನೆಂದು ಬರೆದು ಕಳಿಸಿದೆ. ಅತ್ತೆ ಕೇಳಿದ್ದಕ್ಕೆ ಈಗ ಹೇಳಬಹುದಿತ್ತು, ಕೆಲಸಕ್ಕೇ ಅಂತ.

ಕಾಫಿಗೆ ಸಕ್ಕರೆ ಹೆಚ್ಚಾಗಿತ್ತು, ಅದೂ ಉಗುರುಬೆಚ್ಚಗೆ. ಕೊನೆಯ ಹನಿಯವರೆಗೂ ಕುಡಿದೆ. ಕಪ್ ತೊಳೆದು, ಒರೆಸಿ, ಮಗುಚಿ, ಅವನ ಪೆನ್ನಿನಿಂದಲೇ ಆ ತಾರೀಖಿನ ಕೆಳಗೆ ಇವತ್ತಿನದನ್ನು ಬರೆದೆ. ಬಿಳಿ ಕಪ್‌ನ ಪಕ್ಕದಲ್ಲಿಟ್ಟೆ.

"ನಾನು ಬರೋವರೆಗೂ ಯಾರಿಗೂ ಕೊಡ್ಬೇಡ" ಎಂದೆ.