ಏಳನೇ ಕೋಣೆಯ ಉಸಿರು

ಬುಧವಾರ ಬೆಳಿಗ್ಗೆ ಠಾಣೆಗೆ ಬಂದ ಹೆಂಗಸಿನ ದೂರು ಚಿಕ್ಕದು. ಜೈಲಿನಲ್ಲಿದ್ದ ಅವಳ ತಮ್ಮ ಶನಿವಾರ ರಾತ್ರಿ ತೀರಿಕೊಂಡಿದ್ದ, ಉಬ್ಬಸದವನು. ನಿದ್ದೆಯಲ್ಲೇ ಹೋದನೆಂದು ಜೈಲಿನವರು ಹೇಳಿ ಕೈತೊಳೆದುಕೊಂಡಿದ್ದರು.

“ಉಬ್ಬಸದವ್ರು ಸದ್ದಿಲ್ದೆ ಸಾಯಲ್ಲ ಸಾರ್. ಅವ್ನು ಕೂಗಿದ್ನಾ ಇಲ್ವಾ, ಅಷ್ಟು ಗೊತ್ತಾಗ್ಬೇಕು ನಂಗೆ.”

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್‌ನನ್ನು ಕರೆದುಕೊಂಡು ಜೈಲಿಗೆ ಹೋದರು. ಕೈದಿ ನರಳಿದರೆ ಕಾವಲುಗಾರ ಓಣಿಯ ತುದಿಯ ಗಂಟೆ ಬಾರಿಸಬೇಕು, ವೈದ್ಯರು ಎದ್ದು ಬರಬೇಕು. ಅಲ್ಲಿಯ ನಿಯಮ ಅದು. ಆ ರಾತ್ರಿ ಗಂಟೆ ಬಾರಿಸಲಿಲ್ಲವೆಂದು ವೈದ್ಯರು ಹೇಳಿಕೆ ಕೊಟ್ಟರು.

ಮಟಮಟ ಮಧ್ಯಾಹ್ನ, ಅವಳ ತಮ್ಮ ಸತ್ತಿದ್ದ ಏಳನೇ ಕೋಣೆಯ ಪಂಚನಾಮೆ ಶುರುವಾಯಿತು. ಟೇಪು ಹಿಡಿದಿದ್ದ ಕಾನ್‌ಸ್ಟೇಬಲ್ ಇದ್ದಕ್ಕಿದ್ದಂತೆ ನಿಂತುಬಿಟ್ಟ. ಖಾಲಿ ಮೂಲೆಯಲ್ಲಿ ಯಾರೋ ಉಸಿರೆಳೆಯುವ ಸದ್ದು. ಎಳೆಯುತ್ತಿತ್ತು, ಬಿಡುತ್ತಿರಲಿಲ್ಲ.

“ನೀರಿನ ಪೈಪಿರ್ಬೇಕು ಸಾರ್,” ಎಂದ, ಮುಖ ಬಿಳಿಚಿಕೊಂಡು.

ಇನ್‌ಸ್ಪೆಕ್ಟರ್ ಗೋಡೆಯುದ್ದಕ್ಕೂ ಕೈಯಾಡಿಸಿದರು. ಪೈಪಿರಲಿಲ್ಲ. ಪಕ್ಕದ ಕೋಣೆಯವರ ಚೇಷ್ಟೆಯೇ ಎಂದು ಗದರಿಸಿದಾಗ ಅಲ್ಲಿಯ ಮುದುಕ ಕೈದಿ ಸರಳಿಗೆ ಮುಖವೊತ್ತಿ ಪಿಸುಗುಟ್ಟಿದ:

“ನಾವಲ್ಲ ಸಾಹೇಬ್ರೆ. ಅದು ಶುರುವಾದ್ರೆ ನಾವೆಲ್ಲ ಉಸಿರು ಬಿಗಿಹಿಡ್ಕೊಂಡು ಕೂತಿರ್ತೀವಿ.”

ಶನಿವಾರ ಆ ಉಬ್ಬಸದವನು ಬೆಳಗಿನ ಜಾವದವರೆಗೂ ಕೂಗಿದ್ದನಂತೆ. ಇವರೆಲ್ಲ ತಟ್ಟೆ ಬಡಿದು ಕಾವಲುಗಾರನನ್ನು ಕರೆದಿದ್ದರಂತೆ. ಆದರೆ ಇದು ಬರೀ ಕೈದಿಗಳ ಮಾತು; ಕಾವಲುಗಾರ ಒಪ್ಪದೆ ಕೇಸು ನಿಲ್ಲುವುದು ಕಷ್ಟವಿತ್ತು.

ಅವನನ್ನು ಕರೆಸಿದರು. ಇಸ್ತ್ರಿ ಮಾಡಿದ ಸಮವಸ್ತ್ರ, ಎರಡು ಕಿವಿಗೂ ಹತ್ತಿ.

“ಶನಿವಾರ ರಾತ್ರಿ ಏನಾದ್ರೂ ಕೇಳಿಸ್ತಾ?”

“ಇಲ್ಲ ಸಾರ್.”

“ಕಿವಿಗೇನಾಗಿದೆ?”

“ಏನಿಲ್ಲ ಸಾರ್. ಆ ಏಳನೇ ಕೋಣೆ ಸದ್ದು... ತಡೆಯಕ್ಕಾಗಲ್ಲ.”

“ಹತ್ತಿ ಇಟ್ಕೊಂಡಿದ್ದು ಯಾವಾಗ?”

“ಅವ್ನು ಶುರು ಮಾಡಿದ್ಮೇಲೆ.”

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. “ಅವ್ನು ಸತ್ತ ಮೇಲಾ, ಸಾಯೋಕೆ ಮುಂಚೇನಾ?”

ಕಾವಲುಗಾರ ಒಂದು ಕಿವಿಯ ಹತ್ತಿ ತೆಗೆದು ಅಂಗೈಯಲ್ಲಿಟ್ಟುಕೊಂಡ.

“ಮುಂಚೆ.”

ಸಂಜೆ ಅವನನ್ನು ಬಂಧಿಸಿದರು. ಉಳಿದದ್ದನ್ನು ಅವನೇ ಹೇಳಿದ. ಹಿಂದೊಮ್ಮೆ ಒಬ್ಬ ಕೈದಿ ಎದೆನೋವೆಂದು ಹೊರಳಾಡಿದಾಗ ಇವನೇ ಎದ್ದೆನೋ ಬಿದ್ದೆನೋ ಎಂದು ಓಡಿ ಗಂಟೆ ಬಾರಿಸಿದ್ದ. ಆ ಭೂಪ ಆಸ್ಪತ್ರೆಯಿಂದಲೇ ಪರಾರಿ. ಇವನಿಗೆ ಅಮಾನತು, ಮರಳಿ ಬಂದ ಮೇಲೆ ಜೊತೆಯವರ ಬಾಯಲ್ಲಿ ‘ಡಾಕ್ಟ್ರಪ್ಪ’ ಎಂಬ ಹೆಸರು, ಗೇಲಿಯ ನಗು. ಅಂದಿನಿಂದ ಯಾರು ನರಳಿದರೂ ಇವನಿಗೆ ಕೇಳಿಸುತ್ತಿದ್ದದ್ದು ಆ ನಗುವೇ.

ಇನ್‌ಸ್ಪೆಕ್ಟರ್ ಆ ಅಕ್ಕನಿಗೆ ಎರಡನ್ನೂ ಮುಚ್ಚಿಡದೆ ತಿಳಿಸಿದರು: ತಮ್ಮ ಕೂಗಿದ್ದನ್ನೂ, ಕಾವಲುಗಾರ ಏಳದೆ ಕೂತಿದ್ದೇಕೆ ಎಂಬುದನ್ನೂ.

ಅವಳು ಸೆರಗು ಸರಿಮಾಡಿಕೊಂಡು ಎದ್ದಳು.

“ಇನ್ನೊಂದ್ಸಲ ನಕ್ರೆ ನಗ್ಲಿ ಅಂತ ಗಂಟೆ ಬಾರಿಸ್ಬಹುದಿತ್ತು,” ಎಂದಷ್ಟೇ ಹೇಳಿದಳು.