ಮೋಡದ ಗಂಟು

ನಾಟಕ ಚೆನ್ನಾಗಿ ನಡೆದರೆ ಭಾವ "ನಾನು" ಅನ್ನುತ್ತಿದ್ದರು. ಪರದೆ ಸಿಕ್ಕಿಹಾಕಿಕೊಂಡರೆ, ದೀಪ ಕೈಕೊಟ್ಟರೆ, "ನಮ್ಮ ಹುಡುಗರು" ಅನ್ನುತ್ತಿದ್ದರು. ಹಗ್ಗಪ್ಪನಿಗೆ ನಲವತ್ತು ದಾಟಿ ತಲೆ ಬೋಳಾಗುತ್ತ ಬಂದಿದ್ದರೂ ತಪ್ಪು ನಡೆದ ದಿನ ಮಾತ್ರ ಆತ ಹುಡುಗನೇ.

ಭಾವ ಎಂದರೆ ಹಗ್ಗಪ್ಪನ ಹೆಂಡತಿಯ ಅಣ್ಣ. ನಾಟಕ ಕಂಪನಿಯಲ್ಲಿ ರಂಗದ ಹಿಂದಿನ ಕೆಲಸಕ್ಕೆಲ್ಲ ಮುಖ್ಯಸ್ಥರು. ಅವರ ಕೈಕೆಳಗೆ ಹಗ್ಗ, ರಾಟೆ ನೋಡಿಕೊಳ್ಳುವವನು ಇವನು. ಹಾಗಾಗಿ ಎಲ್ಲರ ಬಾಯಲ್ಲೂ ಹಗ್ಗಪ್ಪ. ಈ ಸಲದ ನಾಟಕದಲ್ಲಿ ರಾಜಕುಮಾರಿ ಕೂತು ಇಳಿದು ಬರುವ ಮೋಡ ಅವನ ಕೂಸು. ಹಲಗೆ ಕೊಯ್ದವನು ಅವನು, ಹತ್ತಿ ಮೆತ್ತಿದವನು ಅವನು, ತೊಟ್ಟಿಲಿನಂತೆ ಮೆತ್ತಗೆ ಇಳಿಯಲೆಂದು ಹಗ್ಗ ಹೊಂದಿಸಿದವನೂ ಅವನೇ. ಪತ್ರಿಕೆಯ ಫೋಟೋದಲ್ಲಿ ಮೋಡದ ಪಕ್ಕ ಮೀಸೆ ತಿರುವುತ್ತ ನಿಂತವರು ಭಾವ.

"ನಿಮ್ಮಣ್ಣಂದು ಬರೀ ಬಾಯಿ. ದುಡಿಯೋನು ನಾನು," ಎಂದು ಊಟಕ್ಕೆ ಕೂತಾಗಲೆಲ್ಲ ಹಗ್ಗಪ್ಪ ಕುದಿಯುತ್ತಿದ್ದ.

"ಅದನ್ನ ಗೋಡೆಗೆ ಹೇಳೋ ಬದ್ಲು ಅಣ್ಣಂಗೇ ಹೇಳ್ರೀ."

"ಕೇಳಿ ಇಸ್ಕೊಳ್ಳೋಕೆ ನಾನೇನು ಭಿಕ್ಷೆ ಬೇಡೋನಾ?"

ಕೇಳುವುದಿಲ್ಲ, ಕಿತ್ತುಕೊಳ್ಳುತ್ತೇನೆ ಎಂದು ಅವನು ತೀರ್ಮಾನಿಸಿಬಿಟ್ಟ. ಕಂಪನಿಯಲ್ಲೊಂದು ಪದ್ಧತಿಯಿತ್ತು. ಕೊನೆಯ ಪ್ರದರ್ಶನ ಮುಗಿದ ಮೇಲೆ ಪರದೆ ಮತ್ತೊಮ್ಮೆ ಏಳುತ್ತದೆ. ಆಗ ರಂಗದ ಹಿಂದಿನವರ ಪರವಾಗಿ ಒಬ್ಬರು ಬಂದು ಪ್ರೇಕ್ಷಕರಿಗೆ ಕೈಮುಗಿಯಬೇಕು. ಆ ಒಬ್ಬರು ಯಾವತ್ತೂ ಭಾವನೇ. ಈ ಸಲ ಮೋಡದ ಮೇಲೆ ಕೂತೇ ಇಳಿಯುತ್ತೇನೆಂದು ಬೇರೆ ಹೇಳಿಕೊಂಡು ತಿರುಗುತ್ತಿದ್ದರು. ಮುಂದಿನ ಸಾಲಿನಲ್ಲಿ ಮಾಲೀಕರಿರುತ್ತಾರೆ. ಅವರು ಕಟ್ಟಿಸುತ್ತಿರುವ ಹೊಸ ರಂಗಮಂದಿರಕ್ಕೆ ಒಬ್ಬ ಮುಖ್ಯಸ್ಥ ಬೇಕಾಗಿದ್ದ.

ಹಗ್ಗಪ್ಪನ ಸಂಚು ಸರಳವಾಗಿತ್ತು. ಹಗ್ಗದ ನಡುವೆ ಒಂದು ಗಂಟು. ಮೋಡ ಅರ್ಧ ಇಳಿಯುವಷ್ಟರಲ್ಲಿ ಅದು ರಾಟೆಯ ಸಂದಿಗೆ ಸಿಕ್ಕಿಕೊಳ್ಳುತ್ತದೆ; ಆಮೇಲೆ ಮೋಡ ಕೆಳಕ್ಕೂ ಬಾರದು, ಮೇಲಕ್ಕೂ ಹೋಗದು. ತುಂಬಿದ ಸಭೆಯೆದುರು ಭಾವ ಕಾಲು ಬಡಿಯುತ್ತ ನೇತಾಡುತ್ತಾರೆ. ಆಗ ಹಗ್ಗಪ್ಪ ತೊಲೆಯ ಮೇಲೆ ಬೆಕ್ಕಿನ ಹಾಗೆ ಸಾಗಿ, ಗಂಟು ಬಿಚ್ಚಿ, ಅವರನ್ನು ಜೋಪಾನವಾಗಿ ಇಳಿಸುತ್ತಾನೆ. ತಪ್ಪು ಮೋಡ ತನ್ನದೆಂದು ಮೆರೆದ ಭಾವನ ತಲೆಗೆ, ಚಪ್ಪಾಳೆ ಇವನಿಗೆ.

ಗಂಟು ಕೂಡ ಅವನೇ ಕಂಡುಹಿಡಿದದ್ದು. ಕೈಕೆಳಗಿನವರು ಇಣುಕಿದರೆ ಬೆನ್ನು ತಿರುಗಿಸಿ ಕಟ್ಟುತ್ತಿದ್ದ. ಹೇಳಿಕೊಟ್ಟರೆ ನಾಳೆ ತಮ್ಮದೇ ಅಂತ ಮೆರೆಯುವುದಿಲ್ಲವೆಂದು ಏನು ಗ್ಯಾರಂಟಿ? ಇನ್ನು ಭಾವನಿಗೆ ಬೂಟಿನ ದಾರ ಕಟ್ಟಲೂ ಹೆಂಡತಿ ಬೇಕು. ಆದರೂ ಹಲಗೆ, ಕೊಕ್ಕೆಗಳನ್ನು ಅವನು ಎರಡೆರಡು ಸಲ ಎಳೆದು ಪರೀಕ್ಷಿಸಿದ. ಭಾವನ ಮಾನ ಹೋದರೆ ಸಾಕಿತ್ತು, ಪ್ರಾಣ ಬೇಡವಾಗಿತ್ತು.

ಕೊನೆಯ ಪ್ರದರ್ಶನ ಮುಗಿಯಿತು. ಪರದೆ ಬಿದ್ದ ಕೂಡಲೇ ಹಗ್ಗಪ್ಪ ಮೇಲಿನ ಅಟ್ಟದಲ್ಲಿ ಗಂಟು ಹಾಕಿ, ಭಾವನ ದಾರಿ ಕಾಯುತ್ತ ನಿಂತ. ಭಾವ ಏಣಿ ಹತ್ತಿ ಬರಲಿಲ್ಲ. ಪರದೆ ಎದ್ದಿತು. ಕೆಳಗೆ ರಂಗದ ಮೇಲಿಂದ ಅವರ ದನಿ ಕೇಳಿತು.

"ಈ ಮೋಡ ನಾನು ಮಾಡಿದ್ದಲ್ಲ. ಇದರ ಒಂದೊಂದು ಹಗ್ಗಾನೂ ನಮ್ಮ ಹಗ್ಗಪ್ಪನ ಕೈಕೆಲಸ. ಇಷ್ಟು ದಿನ ನಾನೇ ಹೊಗಳಿಸ್ಕೊಂಡೆ. ನನ್ನ ತಂಗಿ ನಿನ್ನೆ ಮನೆಗೆ ಬಂದು ಚೆನ್ನಾಗಿ ಉಗಿದಳು. ಅವಳು ಹೇಳಿದ್ದು ಸರಿ. ಇವತ್ತು ಅವನೇ ಇಳಿದು ಬರಲಿ!"

ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಹೆಂಡತಿ ಎದ್ದು ನಿಂತಿದ್ದಳು. ಇಷ್ಟು ವರ್ಷ ಕಾದ ಮಾತು ಕಿವಿಗೆ ಬಿದ್ದಾಗ ಹಗ್ಗಪ್ಪನಿಗೆ ಲೋಕವೇ ಮರೆತುಹೋಯಿತು. ಕಣ್ಣೊರೆಸಿಕೊಂಡು, ಮೋಡದ ಮೇಲೆ ಕೂತು, ಹಗ್ಗ ಬಿಡುವ ಚಕ್ರ ತಿರುಗಿಸುವವರಿಗೆ ತಾನೇ ಕೈಬೀಸಿದ. ಎಷ್ಟು ಮೆತ್ತಗೆ ಇಳಿಯುತ್ತಿದೆ ನನ್ನ ಮೋಡ ಎಂದು ಹೆಮ್ಮೆಯಿಂದ ಕೈಮುಗಿಯುವಷ್ಟರಲ್ಲಿ, ತಲೆಯ ಮೇಲೆ ಕಟಕ್ ಎಂದಿತು.

ಮೋಡ ನಿಂತಿತು. ಚಪ್ಪಾಳೆಯೂ ನಿಂತಿತು. ಚಕ್ರದವರು ಹಿಂದೆ ತಿರುಗಿಸಿದರು, ಮುಂದೆ ತಿರುಗಿಸಿದರು, ಹಗ್ಗ ಮಿಸುಕಲಿಲ್ಲ. ಮಾಲೀಕರು ಕನ್ನಡಕ ಸರಿಮಾಡಿಕೊಂಡು, "ಏನ್ರೀ ಇದು, ಈ ಹಗ್ಗ ಯಾರದು?" ಎಂದರು. "ಎಲ್ಲಾ ಅವನದೇ ಸಾರ್, ಈಗ ತಾನೇ ಹೇಳಿದ್ನಲ್ಲ," ಎಂದ ಭಾವನ ದನಿಯಲ್ಲಿ ಒಂದಿಷ್ಟೂ ಕುಹಕವಿರಲಿಲ್ಲ. ಆಮೇಲೆ ರಾಟೆಯತ್ತ ಕತ್ತೆತ್ತಿ, "ಅಲ್ಲೊಂದು ಗಂಟು ಸಿಕ್ಕೊಂಡಿದೆ. ಹೆದರ್ಬೇಡ ಹಗ್ಗಪ್ಪ, ಈಗ್ಲೇ ಬಿಚ್ಚಿಸ್ತೀನಿ!" ಎಂದು ಕೂಗಿ, ಕೆಲಸದವರ ಕಡೆ ತಿರುಗಿ, "ಯಾರಿಗ್ರೋ ಬರುತ್ತೆ ಈ ಗಂಟು ಬಿಚ್ಚೋಕೆ?" ಎಂದು ಕೇಳಿದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅಷ್ಟೂ ಜನರ ಬೆರಳು ಒಟ್ಟಿಗೆ ಮೋಡದ ಕಡೆ ಎದ್ದಿತು.