ಒಂಬತ್ತು ಭಾನುವಾರದ ಕಾಯಿಲೆ

"ಮತ್ತೆ ಬಂತಲ್ಲಾ, ಎಲ್ಲಿಂದ ಬರುತ್ತೆ ಇದು?"

ತಾರಸಿಯ ಮೇಲೆ ಯಾರೂ ಇರಲಿಲ್ಲ. ನೀಲಾಂಬಿಕೆಯ ಬಾಯಿಂದ ಮಾತು ತಾನಾಗಿ ಉದುರಿತ್ತು, ಕೇಳಿಸಿಕೊಂಡಿದ್ದು ನೀರಿನ ಟ್ಯಾಂಕು ಮಾತ್ರ. ಕೆಂಪು ದಾಸವಾಳದ ಚಿಗುರಿನ ಸಂದಿಯಲ್ಲಿ, ಮೊಗ್ಗಿನ ತೊಟ್ಟಿನಲ್ಲಿ, ಎಲೆಯ ಬೆನ್ನಿನಲ್ಲಿ ಹತ್ತಿ ಮೆತ್ತಿದಂತೆ ಬಿಳಿ ಬಿಳಿ ಹಿಟ್ಟುತಿಗಣೆ. ಹೋದ ಭಾನುವಾರ ತಾನೇ ಒಂದೊಂದನ್ನೂ ಒರೆಸಿ ತೆಗೆದಾಗಿತ್ತು. ಒರೆಸಿದವನು ರುದ್ರೇಶ.

ಬಾಗೂರು ರಸ್ತೆಯಲ್ಲಿ ಅವನದೊಂದು ಸಣ್ಣ ನರ್ಸರಿ. ಊರು ದಂಡಿಗನಹಳ್ಳಿ. ಚನ್ನರಾಯಪಟ್ಟಣದಲ್ಲಿ ಯಾರ ಮನೆಯ ಕುಂಡದಲ್ಲಿ ಗಿಡ ಬಾಡಿದರೂ ಭಾನುವಾರ ಬೈಕು ಹತ್ತಿ ಬಂದು ನೋಡಿಕೊಡುತ್ತಿದ್ದ. ಗಿಡದ ಡಾಕ್ಟ್ರು ಎಂದೇ ಹೆಸರು. ಬೇರೆಯವರ ಮನೆಗೆ ಒಂದು ಸಲ ಬಂದನೆಂದರೆ ಮುಗಿಯಿತು, ಗಿಡ ತಲೆಯೆತ್ತುತ್ತಿತ್ತು. ನೀಲಾಂಬಿಕೆಯ ಮನೆಗೆ ಅವನು ಬರತೊಡಗಿ ಇಂದಿಗೆ ಒಂಬತ್ತನೆಯ ಭಾನುವಾರ.

ಒಂಬತ್ತು! ಬೇವಿನೆಣ್ಣೆಯಾಯಿತು, ಅಂಟುವಾಳದ ನೀರಾಯಿತು, ಹುಳಿ ಮಜ್ಜಿಗೆಯಾಯಿತು, ಒಲೆಯ ಬೂದಿಯಾಯಿತು. ಪ್ರತಿ ಸಲವೂ ಗಿಡ ಎರಡು ದಿನ ನಗುತ್ತಿತ್ತು, ಮೂರನೆಯ ದಿನ ಮುಖ ಸಪ್ಪಗೆ ಮಾಡುತ್ತಿತ್ತು, ಭಾನುವಾರದ ಹೊತ್ತಿಗೆ ಸರಿಯಾಗಿ ಹಾಸಿಗೆ ಹಿಡಿಯುತ್ತಿತ್ತು. ಗಿಡಕ್ಕೆ ಕ್ಯಾಲೆಂಡರ್ ನೋಡಲು ಯಾರು ಕಲಿಸಿದರು?

ನೀಲಾಂಬಿಕೆ ಪೇಟೆಯ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ಯಂತ್ರ ಒಂದು ಸಲ ಹೇಳಿದ್ದನ್ನು ಎರಡನೆಯ ಸಲ ನೋಡದೆ ಸಹಿ ಹಾಕಿದವಳಲ್ಲ. ಅನುಮಾನ ಅವಳ ಕಸುಬು. ಮೂರು ವರ್ಷದಿಂದೀಚೆಗೆ ಅದು ಸ್ವಭಾವವೂ ಆಗಿಬಿಟ್ಟಿತ್ತು. ಅರಕಲಗೂಡಿನ ಗಂಡಿನೊಂದಿಗೆ ನಿಶ್ಚಿತಾರ್ಥವಾಗಿ, ಲಗ್ನಪತ್ರಿಕೆ ಹಂಚಿ, ಮದುವೆಗೆ ಹದಿನೈದು ದಿನವಿದೆ ಎನ್ನುವಾಗ ಆ ಗಂಡಿಗೆ ಮೊದಲೇ ಒಂದು ಮದುವೆಯಾಗಿರುವುದು ಹೊರಬಿತ್ತು. ಸಂಬಂಧ ಮುರಿದದ್ದು ಮರೆತುಹೋಗುತ್ತಿತ್ತೇನೋ. ಆದರೆ ಸಂಬಂಧ ತಂದ ನೆಂಟರಿಗೆಲ್ಲ ಅದು ಗೊತ್ತಿತ್ತು. "ನಿನ್ನ ಒಳ್ಳೇದಕ್ಕೇ ಮುಚ್ಚಿಟ್ಟಿದ್ವಿ ಕಣವ್ವಾ" ಎಂದಿದ್ದರು. ಆ ಮಾತು ಮಾತ್ರ ಮುಳ್ಳಿನಂತೆ ಒಳಗೇ ಮುರಿದು ಉಳಿದಿತ್ತು.

ಅಂಥವಳು ಈಗ ಭಾನುವಾರ ಬಂತೆಂದರೆ ಬೆಳಿಗ್ಗೆಯೇ ತಲೆಗೆ ಎರೆದುಕೊಂಡು, ಪೂಜೆ ಮುಗಿಸಿ, ಬೈಕಿನ ಸದ್ದಿಗೆ ಕಿವಿಗೊಡುತ್ತಿದ್ದಳು. ಅದೇ ಅವಳ ಭಯ. ಇವನೂ ಮೋಸದವನಾದರೆ ಇನ್ನೊಬ್ಬರನ್ನು ನಂಬುವ ಶಕ್ತಿ ಈ ಜನ್ಮಕ್ಕೆ ಮುಗಿಯಿತು.

"ನೀಲಕ್ಕಾ! ಡಾಕ್ಟ್ರು ಬಂದವ್ರೆ ಕಣಕ್ಕಾ. ಗೇಟ್ ತಾವ ಬೈಕ್ ಕನ್ನಡೀಲಿ ತಲೆ ಬಾಚ್ಕೊತಾವ್ರೆ!" ಮನೆಯ ಪಕ್ಕದ ಭಾಗದಲ್ಲಿ ಬಾಡಿಗೆಗಿದ್ದ ನೇತ್ರಾವತಿ ಮೆಟ್ಟಿಲಿನಿಂದಲೇ ಕೂಗಿದಳು.

"ಮೆಲ್ಲಗೆ ಕೂಗೇ, ಅಪ್ಪಾಜಿ ಒಳಗಿದಾರೆ."

"ಅಪ್ಪಾಜಿಗೇನು ಕಣ್ಣಿಲ್ವಾ? ಕಾಯ್ಲೆ ಗಿಡಕ್ಕೋ ಡಾಕ್ಟ್ರಿಗೋ ಅಂತ ಅವ್ರೇ ನನ್ನ ಕೇಳುದ್ರು."

ರುದ್ರೇಶ ಮೇಲೆ ಬಂದ. ಚಪ್ಪಲಿಯನ್ನು ಕೊನೆಯ ಮೆಟ್ಟಿಲಲ್ಲೇ ಬಿಟ್ಟ. ದೇವರಿಗೆ ಹೂ ಕೊಡುವ ಗಿಡಗಳಿರುವ ಜಾಗವೆಂದು ಅವನು ಮೊದಲ ದಿನದಿಂದಲೂ ಬರಿಗಾಲಲ್ಲೇ ಬರುತ್ತಿದ್ದ. ಅದನ್ನು ನೋಡಿದಾಗಲೆಲ್ಲ ಅವಳ ಎದೆ ಮೆತ್ತಗಾಗುತ್ತಿತ್ತು, ಮೆತ್ತಗಾದದ್ದಕ್ಕೇ ಮನಸ್ಸು ಗಟ್ಟಿಯಾಗುತ್ತಿತ್ತು.

"ಇವತ್ತು ಏನು ಔಷಧಿ?" ಅವಳು ಕೈಕಟ್ಟಿ ನಿಂತಳು.

"ಮೊದ್ಲು ನೋಡ್ತೀನಿ ಮೇಡಂ."

"ಎಂಟು ವಾರದಿಂದ ನೋಡ್ತಾನೇ ಇದೀರ."

"ನೋಡೋಕೆ ಚೆನ್ನಾಗಿದೆ..." ಎಂದವನು ತಡವರಿಸಿ, "ಗಿಡ" ಎಂದು ಸೇರಿಸಿದ. ಕಿವಿಯ ತುದಿ ಕೆಂಪಾಯಿತು.

"ಕಾಯಿಲೆ ಬಿದ್ದಿರೋ ಗಿಡ ಚೆನ್ನಾಗಿದೆಯಾ?"

ಅವನು ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತ. ಬುಡದಿಂದ ಒಂದು ಚಿಟಿಕೆ ಮಣ್ಣು ತೆಗೆದು, ಬೆರಳಲ್ಲಿ ಉಜ್ಜಿ, ಮೂಗಿನ ಹತ್ತಿರ ಹಿಡಿದ. ಆಮೇಲೆ ಕಣ್ಣೆತ್ತಿ ಅವಳನ್ನು ನೋಡಿದ. ಆ ನೋಟ ಅವಳಿಗೆ ಪರಿಚಯವಾಗಿತ್ತು. ಎರಡನೆಯ ಭಾನುವಾರ ಮೊದಲ ಸಲ ಮಣ್ಣು ಮೂಸಿದಾಗಲೂ ಹೀಗೇ ನೋಡಿದ್ದ. ತುಟಿ ಇಷ್ಟೇ ಇಷ್ಟು ತೆರೆದಿತ್ತು, ಮತ್ತೆ ಮುಚ್ಚಿಕೊಂಡಿತ್ತು. ಅಂದು ನುಂಗಿದ ಮಾತು ಏನು?

"ಬೇರೆಯವ್ರ ಮನೇಲಿ ಒಂದೇ ಸಲಕ್ಕೆ ವಾಸಿ ಆಗುತ್ತಂತಲ್ಲಾ?"

"ಒಂದೊಂದು ಗಿಡದ ಹಣೆಬರಹ ಮೇಡಂ."

"ನಮ್ಮ ಲ್ಯಾಬಲ್ಲಿ ಹಣೆಬರಹ ಅಂತ ರಿಪೋರ್ಟ್ ಬರೆಯಲ್ಲ."

ಅವನು ನಕ್ಕ. ನಗುವಾಗ ಅವನ ಎಡಗೆನ್ನೆಯಲ್ಲಿ ಬೀಳುವ ಗುಳಿಯನ್ನು ನೋಡಬಾರದೆಂದು ಅವಳು ಟ್ಯಾಂಕಿನ ಕಡೆ ತಿರುಗಿದಳು. ತಿರುಗಿದವಳು ಹಾಗೆಯೇ ಹೇಳಿದಳು, "ಹೊಳೆನರಸೀಪುರದಲ್ಲಿ ನಮ್ಮ ಅತ್ತೆ ಗುರುಸಿದ್ದಮ್ಮಂಗೆ ಕಣ್ಣಿನ ಆಪರೇಷನ್. ನಾನು ಎರಡು ವಾರಕ್ಕೂ ಹೆಚ್ಚು ಅಲ್ಲೇ ಇರ್ತೀನಿ. ಬರೋವರೆಗೂ ನೀವು ಬರ್ಬೇಡಿ. ನೇತ್ರಾ ನೀರು ಹಾಕ್ತಾಳೆ, ಸಾಕು."

"ಔಷಧಿ ಹೊಡೀದೆ ಬಿಟ್ರೆ..."

"ಬಿಡಿ. ಏನಾಗುತ್ತೋ ನೋಡೋಣ."

ಹೊಳೆನರಸೀಪುರದಲ್ಲಿ ಹದಿನಾರು ದಿನ. ಅತ್ತೆಯ ಕಣ್ಣಿಗೆ ಹೊತ್ತು ಹೊತ್ತಿಗೆ ಡ್ರಾಪ್ಸ್ ಹಾಕುತ್ತ, ಫೋನಿನಲ್ಲಿ ನೇತ್ರಾವತಿಯನ್ನು ದಿನವೂ ವಿಚಾರಿಸುತ್ತಿದ್ದಳು. "ಡಾಕ್ಟ್ರು ಬಂದಿದ್ರಾ?" "ಇಲ್ಲ ಕಣಕ್ಕಾ, ನೀನೇ ಬರ್ಬ್ಯಾಡಿ ಅಂದಿದ್ಯಲ್ಲ. ರಸ್ತೇಲಿ ಒಂದ್ ಸಲ ಓದ್ರು, ಗೇಟ್ ನೋಡ್ಕೊಂಡು ಅಂಗೇ ಓದ್ರು." ಅದನ್ನು ಕೇಳಿ ಸಮಾಧಾನವಾಯಿತೋ ಸಂಕಟವಾಯಿತೋ ಅವಳಿಗೇ ತಿಳಿಯಲಿಲ್ಲ.

ಊರಿಗೆ ಬಂದವಳು ಬ್ಯಾಗನ್ನು ಹಾಲ್‌ನಲ್ಲಿ ಬಿಟ್ಟು ನೇರ ತಾರಸಿಗೆ ಹತ್ತಿದಳು.

ದಾಸವಾಳ ಗುಣವಾಗಿತ್ತು. ಬಿಳಿಯ ಒಂದು ಚುಕ್ಕಿಯೂ ಇರಲಿಲ್ಲ. ಕೊಂಬೆ ಕೊಂಬೆಗೂ ಎಳೆ ಚಿಗುರು, ಮೂರು ಮೊಗ್ಗು, ಒಂದು ಹೂವಂತೂ ಅಂಗೈಯಗಲ ಅರಳಿ ಬಿಸಿಲಿಗೆ ಮುಖವೊಡ್ಡಿತ್ತು.

ಗಿಡ ವಾಸಿಯಾದದ್ದನ್ನು ಕಂಡು ಅಳು ಬಂದದ್ದು ಅವಳಿಗೆ ಅದೇ ಮೊದಲು. ಅವನು ಬರುವಷ್ಟು ದಿನ ಕಾಯಿಲೆ, ಬರದೆ ಬಿಟ್ಟೊಡನೆ ವಾಸಿ. ಇನ್ನೇನು ಬೇಕು ಸಾಕ್ಷಿ? ಔಷಧಿಯ ಸೀಸೆಯಲ್ಲೇ ರೋಗ ತರುತ್ತಿದ್ದ.

ಒಂದು ಚಿಗುರನ್ನು ಮುರಿದುಕೊಂಡು ಸ್ಕೂಟಿ ಏರಿದಳು.

ನರ್ಸರಿಯಲ್ಲಿ ರುದ್ರೇಶ ಗೊಬ್ಬರದ ಕೈಯಲ್ಲೇ ಎದ್ದು ನಿಂತ. ಅವಳನ್ನು ಕಂಡು ಅರಳಿದ ಮುಖ, ಅವಳು ಎದುರಿಗೆ ಹಿಡಿದ ಚಿಗುರನ್ನು ಕಂಡು ಇನ್ನೂ ಅರಳಿತು. "ವಾಸಿ ಆಗಿದೆ!"

"ಹೌದು. ನೀವು ಬರ್ಲಿಲ್ಲ, ವಾಸಿ ಆಯ್ತು. ಇದಕ್ಕೇನು ಹೇಳ್ತೀರಾ?"

ಅವನ ಮುಖದ ಬಣ್ಣ ಇಳಿಯಿತು. ಗೊಬ್ಬರದ ಕೈಯನ್ನು ಗೋಣಿಚೀಲಕ್ಕೆ ಒರೆಸಿಕೊಂಡ.

"ಎರಡು ವಾರ ನಾನು ಬರ್ಲಿಲ್ಲ, ನಿಜ," ಎಂದ. "ನೀವೂ ಇರ್ಲಿಲ್ಲ."

"ಅಂದ್ರೆ?"

"ಪೂಜೆ ಆದ್ಮೇಲೆ ಅಭಿಷೇಕದ ನೀರು ಎಲ್ಲಿಗೆ ಚೆಲ್ತೀರಿ ಮೇಡಂ?"

"ಚೆಲ್ಲೋದಲ್ಲ," ಅವಳ ದನಿ ಏರಿತು. "ಅದನ್ನ ಯಾರೂ ತುಳೀಬಾರ್ದು. ದೇವರಿಗೆ ಹೂ ಕೊಡೋದು ದಾಸವಾಳ ಅಲ್ವಾ, ಅದರ ಬುಡಕ್ಕೇ ಬಿಡ್ತೀನಿ ದಿನಾ."

"ಅದ್ರಲ್ಲಿ ಏನೇನಿರುತ್ತೆ?"

"ಹಾಲು, ಮೊಸರು, ಜೇನು, ಸಕ್..." ಮಾತು ಅಲ್ಲಿಯೇ ನಿಂತಿತು.

ಅವನು ತಲೆ ತಗ್ಗಿಸಿಯೇ ಹೇಳಿದ. ಸಿಹಿಗೆ ಇರುವೆ ಬರುತ್ತದೆ. ಹಿಟ್ಟುತಿಗಣೆಯ ಮೈಯಿಂದಲೂ ಸಿಹಿ ಒಸರುತ್ತದೆ. "ಇರುವೆ ಅದನ್ನ ನಾವು ಹಸು ಸಾಕ್ದಂಗೆ ಸಾಕ್ತದೆ ಮೇಡಂ. ಬೇರೆ ಹುಳ ಬಂದು ತಿನ್ನದಂಗೆ ಕಾವಲು ಕಾಯ್ತದೆ, ಒಂದು ಕೊಂಬೆಯಿಂದ ಇನ್ನೊಂದು ಕೊಂಬೆಗೆ ಒಯ್ದು ಮೇಯಿಸ್ತದೆ. ಬುಡದಲ್ಲಿ ಇರುವೆ ಇರೋವರೆಗೂ ಮೇಲೆ ಏನು ಹೊಡುದ್ರೂ ಅಷ್ಟೇ. ಇರುವೆ ಹೋದ್ರೆ ಆ ಹುಳಗಳೇ ಬಂದು ತಿಂದು ಮುಗಿಸ್ತವೆ."

ನೀಲಾಂಬಿಕೆ ಸ್ಕೂಟಿ ತಿರುಗಿಸಿದಳು. ಅವನ ಮಾತನ್ನು ನಂಬಿದಳೆಂದಲ್ಲ. ಮಾತನ್ನು ನಂಬುವುದನ್ನು ಅವಳು ಬಿಟ್ಟು ಮೂರು ವರ್ಷವಾಗಿತ್ತು.

ಮರುದಿನ ಅಪ್ಪ ಚಂದ್ರಯ್ಯನವರನ್ನು ಕೇಳಿದಳು, "ನಾನಿಲ್ಲದಾಗ ಅಭಿಷೇಕದ ತೀರ್ಥ ಎಲ್ಲಿಗೆ ಹಾಕ್ತಿದ್ರಿ ಅಪ್ಪಾಜಿ?"

"ಈ ಮಂಡಿನೋವಲ್ಲಿ ಮೇಲಕ್ಕೆ ಹತ್ತಕಾಯ್ತದಾ ಮಗಳೇ? ಒಂದು ಕೊಡ ನೀರಿಗೆ ಬೆರೆಸಿ ಮುಂದ್ಗಡೆ ತೆಂಗಿನ ಬುಡಕ್ಕೆ ಬುಟ್ಟೆ. ಅಲ್ಲೂ ಯಾರೂ ತುಳಿಯಕಿಲ್ಲ ಬುಡು."

ಅಂದು ಪೂಜೆಯಾದ ಮೇಲೆ ಅವಳು ಮೇಲೆ ಹೋಗಿ, ದಾಸವಾಳದಿಂದ ದೂರಕ್ಕೆ, ಬರಿಯ ಮಣ್ಣಿದ್ದ ಖಾಲಿ ಕುಂಡಕ್ಕೆ ಒಂದು ಬಟ್ಟಲು ಸಕ್ಕರೆ ನೀರು ಹಾಕಿ, ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಳು. ಲ್ಯಾಬಿನಲ್ಲಿ ಕೂರುವ ಹಾಗೆ, ಗಡಿಯಾರ ನೋಡುತ್ತ. ಅರ್ಧ ಗಂಟೆಯೊಳಗೆ ಗೋಡೆಯ ಬಿರುಕಿನಿಂದ ಮೊದಲ ಇರುವೆ ಬಂತು. ಅದರ ಹಿಂದೆ ಒಂದು, ಅದರ ಹಿಂದೆ ಹತ್ತು, ಆಮೇಲೆ ಯಾರೋ ಕರಿ ನೂಲು ಎಳೆದಂತೆ ಒಂದು ಸಾಲು. ದಾಸವಾಳದ ಕಡೆ ಒಂದೂ ತಲೆಹಾಕಲಿಲ್ಲ.

ಅವನು ಹೇಳಿದ್ದು ನಿಜ. ಅವಳ ಭಕ್ತಿಯೇ ಗಿಡಕ್ಕೆ ಕಾಯಿಲೆಯಾಗಿತ್ತು. ಅವಳು ಕೈಮುಗಿದು, "ಗೊತ್ತಾಗ್ಲಿಲ್ಲ ತಾಯಿ" ಎಂದು ಗಿಡದ ಎಲೆ ಸವರಿದಳು. ಎದೆಯ ಮೇಲಿನ ಕಲ್ಲು ಇಳಿಯುತ್ತಿದೆ ಎನ್ನುವಷ್ಟರಲ್ಲಿ ಇನ್ನೊಂದು ಅನುಮಾನ ಎದ್ದು ಕೂತಿತು. ಎರಡನೆಯ ಭಾನುವಾರ ಮೂಸಿದ ಮಣ್ಣು. ಆ ನೋಟ. ಆ ನುಂಗಿದ ಮಾತು.

ಫೋನು ಮಾಡಿದಳು. "ಭಾನುವಾರ ಬನ್ನಿ. ಔಷಧಿ ತರಬೇಡಿ."

ಬಂದ. ಚಪ್ಪಲಿ ಬಿಟ್ಟು, ಬರಿಗೈಯಲ್ಲಿ, ಕೋರ್ಟಿಗೆ ಬಂದವನಂತೆ ನಿಂತ.

"ನಿಮಗೆ ಯಾವತ್ತು ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. ಅವನ ಕಣ್ಣು ಒಂದು ಕ್ಷಣ ಅದರ ಸುತ್ತ ಸುಳಿದದ್ದನ್ನೂ ಅವಳು ಕಂಡಳು. ಆದರೆ ಅವನು ಹೇಳಿದ, "ಎರಡನೇ ವಾರವೇ. ಮಣ್ಣಲ್ಲಿ ಜೇನಿನ ವಾಸನೆ ಇತ್ತು."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ಮೊದ್ಲು ಭಯ ಮೇಡಂ. ದೇವರ ತೀರ್ಥದಿಂದ ರೋಗ ಬಂದದೆ ಅಂತ ನಿಮ್ಮಂಥವ್ರಿಗೆ ಹೆಂಗೆ ಹೇಳೋದು? ನಾಲಿಗೆ ಮೇಲೆ ಬಂದಿತ್ತು, ನುಂಗ್ಕೊಂಡೆ. ಆಮೇಲೆ..."

"ಆಮೇಲೆ?"

"ಹೇಳಿದ್ರೆ ಗಿಡ ವಾಸಿ ಆಗ್ತಿತ್ತು. ಗಿಡ ವಾಸಿ ಆದ್ರೆ ನಾನು ಯಾವ ನೆಪ ಇಟ್ಕೊಂಡು ಈ ಮೆಟ್ಲು ಹತ್ಲಿ?"

ಬೆಳಗಿನ ಗಾಳಿಗೆ ಒಣಗಹಾಕಿದ ಸೀರೆ ಪಟಪಟ ಎಂದಿತು. ಅವನು ಇನ್ನೂ ತಲೆಯೆತ್ತಿರಲಿಲ್ಲ.

"ಸಾಯೋಕೆ ಬಿಡ್ಲಿಲ್ಲ ಮೇಡಂ, ಪ್ರತಿ ಸಲ ಮೇಲ್ಮಣ್ಣು ತೆಗ್ದು ಹೊಸದು ಹಾಕ್ತಿದ್ದೆ. ಆದ್ರೆ ವಾಸಿ ಆಗೋಕೂ ಬಿಡ್ಲಿಲ್ಲ. ನೀವು ದಿನಾ ಅದರ ಮುಂದೆ ನೊಂದ್ಕೊಳೋದು ಗೊತ್ತಿದ್ದೂ ಬಿಡ್ಲಿಲ್ಲ. ತಪ್ಪು ನಂದೇ."

ಅವಳಿಗೆ ಸಿಟ್ಟು ಬಂತು. ಅವಳ ಅನುಮಾನ ಅರ್ಧಕ್ಕರ್ಧ ನಿಜವಾಗಿತ್ತು. ಆದರೆ ಸಿಟ್ಟಿನ ಬೆನ್ನಿಗೇ, ಕೊಡದಲ್ಲಿ ನೀರು ತುಂಬಿ ಕಂಠಕ್ಕೆ ಬಂದ ಹಾಗೆ, ಬೇರೊಂದೇನೋ ಏರಿ ಬಂತು. ಕೇಳಿದ್ದಕ್ಕೆ ಏನನ್ನೂ ಮುಚ್ಚಿಡದೆ ಉತ್ತರ ಕೊಟ್ಟ ಗಂಡಸನ್ನು ಅವಳು ಇದೇ ಮೊದಲು ನೋಡುತ್ತಿದ್ದಳು. ಹಾಗಾದರೆ ತಾನೂ ನಿಜ ಹೇಳಬೇಕು.

"ಏಳನೇ ವಾರ ಬೇವಿನೆಣ್ಣೆ ಕೊಟ್ಟು, ಬುಧವಾರ ಹೊಡೀರಿ ಅಂದಿದ್ರಲ್ಲ? ನಾನು ಹೊಡೀಲಿಲ್ಲ. ನಿಮ್ಮನ್ನ ಪರೀಕ್ಷೆ ಮಾಡ್ತಿದೀನಿ ಅಂದ್ಕೊಂಡಿದ್ದೆ."

"ಪರೀಕ್ಷೆ ಅಲ್ವಾ?"

"ಪೂರ್ತಿ ಅಲ್ಲ."

ಅವನು ಈಗ ತಲೆಯೆತ್ತಿದ. ಎಡಗೆನ್ನೆಯ ಗುಳಿ ಮೆಲ್ಲಗೆ ಮೂಡಿತು. ಈ ಸಲ ಅವಳು ಟ್ಯಾಂಕಿನ ಕಡೆ ತಿರುಗಲಿಲ್ಲ.

"ನೀಲಾ, ಯಾರವ್ವಾ ಮ್ಯಾಲೆ?" ಕೆಳಗಿನಿಂದ ಚಂದ್ರಯ್ಯನವರ ದನಿ.

"ರುದ್ರೇಶ್ ಅವರು ಬಂದಿದಾರೆ ಅಪ್ಪಾಜಿ!"

"ಗಿಡ ವಾಸಿ ಆಗೈತಲ್ಲ, ಇನ್ಯಾಕಂತೆ?"

ಕೆಳಗೆ ನೇತ್ರಾವತಿ ಕಿಸಕ್ಕೆಂದು ನಕ್ಕದ್ದು ಮೇಲಕ್ಕೂ ಕೇಳಿಸಿತು. ರುದ್ರೇಶ ಗಾಬರಿಯಿಂದ ಒಂದು ಹೆಜ್ಜೆ ಹತ್ತಿರ ಬಂದ. ದನಿ ತಗ್ಗಿಸಿದ.

"ನಮ್ಮ ದೊಡ್ಡಪ್ಪ ಈಶ್ವರಯ್ಯನವ್ರನ್ನ ಮುಂದಿನ ವಾರವೇ ಕರ್ಕೊಂಡ್ ಬತ್ತೀನಿ, ಕ್ರಮವಾಗಿ ಕೇಳ್ತೀನಿ. ಆದ್ರೆ ಒಂದು ಮಾತು ನಡೆಸ್ಕೊಡಿ. ನಾನು ಗೊತ್ತಿದ್ದೂ ಸುಮ್ನಿದ್ದೆ ಅನ್ನೋದು ಮಾತ್ರ ಯಜಮಾನ್ರಿಗೆ ಈಗ್ಲೇ ಹೇಳ್ಬೇಡಿ. ನನ್ನ ಮುಖ ನೋಡಲ್ಲ ಅವ್ರು. ಎಲ್ಲಾ ಮುಗುದ್ಮೇಲೆ ನಿಧಾನಕ್ಕೆ ಹೇಳೋಣ. ಕೈ ಮುಗೀತೀನಿ."

"ಇಲ್ಲ," ಎಂದಳು ನೀಲಾಂಬಿಕೆ, ಮೆಟ್ಟಿಲ ಕಡೆಗೆ ದಾರಿ ಬಿಟ್ಟು ನಿಂತು. "ಅದೊಂದು ಆಗಲ್ಲ ರೀ. ನೀವೇ ಇಳಿದು ಹೋಗಿ, ಅಪ್ಪಾಜಿ ಎದುರಿಗೆ ಕೂತು, ಒಂಬತ್ತು ವಾರದ್ದೂ ನಿಮ್ಮ ಬಾಯಿಂದಲೇ ಹೇಳ್ಬೇಕು. ಮುಚ್ಚಿಟ್ಟು ನಾನು ಯಾರ ಮನೆಗೂ ಸೊಸೆಯಾಗಿ ಬರಲ್ಲ."